ಮನೆಯೇ ಮಳಿಗೆಯಾದಾಗ

ವೈಶಾಖದ ಬಿಸಿಲು. ಮಂಗಳೂರಿನ ಮಣ್ಣಗುಡ್ಡೆಯಲ್ಲೋ ಬಿಜೈಯಲ್ಲೋ ಒಂದು ಮನೆಯ ತಾರಸಿ. ಹಾಸಿದ ಚಾಪೆಯ ಮೇಲೆ ಹಲಸಿನ ಹಪ್ಪಳಗಳು ಸಾಲುಸಾಲಾಗಿ ಒಣಗುತ್ತಿವೆ. ಕಾಗೆಯನ್ನು ಓಡಿಸಲು ಕೋಲು ಹಿಡಿದು ಕುಳಿತ ಅತ್ತೆಯ ದೃಷ್ಟಿ ಹಪ್ಪಳದ ಮೇಲೆ ಎಷ್ಟೋ ಪಡುವಣ ಆಗಸದ ಮೇಲೂ ಅಷ್ಟೇ. ಪಕ್ಕದಲ್ಲಿ ಕುಳಿತ ಸೊಸೆಯ ಕೈಯಲ್ಲಿ ಮೊಬೈಲು. “ಅತ್ತೇ, ಇದನ್ನು ಮುಂಬಯಿಯವರಿಗೆ ಮಾರಿದರೆ ಹೇಗೆ? ಈಗ ಎಲ್ಲರೂ ಆನ್‌ಲೈನಿನಲ್ಲಿ ಮಾರುತ್ತಾರೆ” ಎನ್ನುತ್ತಾಳೆ ಸೊಸೆ. ಅತ್ತೆ ನಗುತ್ತಾರೆ: “ಹಪ್ಪಳ ಕೊಟ್ಟು ಗೊತ್ತುಂಟು ಮಾರಾಯ್ತಿ, ಮಾರಿ ಗೊತ್ತಿಲ್ಲ.”

ಕೊಡುವುದು ಬೇರೆ, ಮಾರುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ದಾಟಲು ಇಂದು ನಗರದ ಅನೇಕ ಗೃಹಿಣಿಯರು ಹವಣಿಸುತ್ತಿದ್ದಾರೆ. ಒಬ್ಬಳು ಕ್ರೋಷಾ ಹೆಣೆಯುತ್ತಾಳೆ, ಮತ್ತೊಬ್ಬಳು ಸೋಪು ಎರೆಯುತ್ತಾಳೆ, ಮಗದೊಬ್ಬಳು ಉಪ್ಪಿನಕಾಯಿ ಹಾಕುತ್ತಾಳೆ. ವಾಟ್ಸಾಪಿನಲ್ಲಿ ಚಿತ್ರ ಹೋಗುತ್ತದೆ, ಯು.ಪಿ.ಐ. ಮೂಲಕ ಹಣ ಬರುತ್ತದೆ. ಹಂಪನಕಟ್ಟೆಯಲ್ಲಿ ಅಂಗಡಿ ಹಿಡಿಯಬೇಕಿಲ್ಲ, ಮುಂಗಡ ಕೊಡಬೇಕಿಲ್ಲ. ಆದರೆ ಮಾರುವ ದಾರಿ ಸುಲಭವಾದಷ್ಟು ‘ಏನನ್ನು ಮಾಡಿ ಮಾರಬೇಕು?’ ಎಂಬ ಪ್ರಶ್ನೆ ಸುಲಭವಾಗಿಲ್ಲ. ಆಯ್ಕೆ ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ. ಮನೆಯಾಕೆಯ ಬಿಡುವು, ನಿದ್ರೆ ಹಾಗೂ ತನ್ನ ಮೇಲೆ ತಾನಿಟ್ಟ ವಿಶ್ವಾಸವೂ ಅದರೊಡನೆ ಹೋಗುತ್ತವೆ.

ಹಳೆಯ ಊರು, ಹಳೆಯ ಪಾಠ

ಮನೆಯನ್ನೇ ಕಾರ್ಯಾಗಾರವಾಗಿ ಮಾಡಿಕೊಳ್ಳುವುದು ಮಂಗಳೂರಿಗೆ ಹೊಸತಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದು ಊರಿಗೆ ಉದ್ಯಮದ ಹೆಸರು ತಂದರೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹೆಂಚಿನ ಚಿಮಣಿಯಷ್ಟು ಎತ್ತರಕ್ಕೆ ಕಾಣದ ಇನ್ನೊಂದು ಉದ್ಯಮ ಈ ಜಿಲ್ಲೆಯ ಸಾವಿರಾರು ಮನೆಗಳ ಜಗಲಿಯ ಮೇಲೆ ತಲೆಮಾರುಗಳ ಕಾಲ ನಡೆಯಿತು. ಅದೇ ಬೀಡಿ.

ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಬ್ರಾಂಚಿನಿಂದ ಎಲೆ ತಂದು, ಕಟ್ಟಿ, ಮತ್ತೆ ಬ್ರಾಂಚಿಗೆ ಒಯ್ದು ಒಪ್ಪಿಸುವ ಈ ಕೆಲಸ ಎಷ್ಟೋ ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟಿದೆ, ಎಷ್ಟೋ ಹೆಣ್ಣುಮಕ್ಕಳ ಕೊರಳಿಗೆ ಚಿನ್ನ ತೊಡಿಸಿದೆ. ಹಾಗೆಂದು ಅದರಲ್ಲಿ ಸ್ವಾತಂತ್ರ್ಯವಿತ್ತೆಂದು ಹೇಳಲಾಗದು. ಏನು ಮಾಡಬೇಕೆಂದು ನಿರ್ಧರಿಸುವವರು ಬೇರೆ. ಸಾವಿರ ಬೀಡಿಗೆ ಎಷ್ಟೆಂದು ಗೊತ್ತುಮಾಡುವವರು ಬೇರೆ. ‘ಇದು ಸರಿಯಿಲ್ಲ’ ಎಂದು ಕಟ್ಟಿದ ಬೀಡಿಯನ್ನು ಪಕ್ಕಕ್ಕೆ ತಳ್ಳುವವರೂ ಬೇರೆ. ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂಬುದು ಕಾಯಿದೆಯ ಪುಟಕ್ಕೆ ಬಂದದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮದಿಂದ. ಅದನ್ನು ಪ್ರಶ್ನಿಸಿ ಮಂಗಳೂರಿನಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಆ ಅಧಿನಿಯಮವನ್ನು ಎತ್ತಿಹಿಡಿಯಿತು.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತೆಗೆದು ಹಪ್ಪಳ ಮಾಡತೊಡಗಿದರು. ಮೊದಲ ದಿನ ಆದದ್ದು ನಾಲ್ಕು ಕಟ್ಟು. ಅದೇ ಇಂದಿನ ಲಿಜ್ಜತ್ ಹಪ್ಪಳ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಅಲ್ಲಿಯೂ ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ, ಮರಳಿ ತಂದು ಒಪ್ಪಿಸುವುದೇ ಪದ್ಧತಿ. ಹೊರನೋಟಕ್ಕೆ ಬೀಡಿಯ ಕ್ರಮಕ್ಕೂ ಇದಕ್ಕೂ ಭೇದವಿಲ್ಲ. ಒಳಗಿರುವ ಭೇದ ಒಂದೇ: ಲಟ್ಟಿಸುವ ಸೋದರಿಯೇ ಸಂಸ್ಥೆಯ ಒಡತಿ, ಲಾಭದಲ್ಲಿ ಆಕೆಗೂ ಪಾಲು.

ಮನೆಯಲ್ಲಿ ಕುಳಿತು ದುಡಿಯುವವಳ ಭಾಗ್ಯವನ್ನು ನಿರ್ಣಯಿಸುವುದು ಅವಳ ಕೈಯ ಚುರುಕಲ್ಲ. ವಸ್ತುವನ್ನು ಆಯ್ದವರು ಯಾರು, ಬೆಲೆಯನ್ನು ಕಟ್ಟಿದವರು ಯಾರು ಎಂಬುದು. ಇಂದಿನ ಗೃಹಿಣಿಗೆ ಈ ಎರಡೂ ಅಧಿಕಾರಗಳು ದೊರೆತಿವೆ. ಅವುಗಳನ್ನು ಬಳಸುವ ಬಗೆಯೇ ಇಲ್ಲಿನ ಮುಖ್ಯ ವಿಚಾರ.

ಮೊದಲ ಪರೀಕ್ಷೆ ಮಳೆಯದು

ಮೈಸೂರಿನವರಿಗೆ ಒಪ್ಪುವ ವಸ್ತು ಮಂಗಳೂರಿಗೆ ಒಪ್ಪಬೇಕೆಂದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುವ ಊರಿದು. ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಇವೆಲ್ಲ ಬಿಸಿಲಿನ ಮಕ್ಕಳು. ಆಟಿಯಲ್ಲಿ ಬೇಡಿಕೆ ಬಂದರೆ ಬೇಸಗೆಯಲ್ಲಿ ಕೂಡಿಟ್ಟದ್ದನ್ನು ಮಾರಬಹುದೇ ಹೊರತು ಹೊಸದಾಗಿ ಮಾಡಲಾಗದು. ಲಿಜ್ಜತಿನ ಸೋದರಿಯರಿಗೂ ಮೊದಲ ವರ್ಷ ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಂತಿತ್ತು. ಮರುವರ್ಷ ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡು, ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಒಲೆಯಿಟ್ಟು ಒಣಗಿಸಿದರು.

ಮಳೆ ಅಡುಗೆಮನೆಯೊಂದನ್ನೇ ಕಾಡುವುದಿಲ್ಲ. ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಕಾಗದದ ಹೂವು ಮೆತ್ತಗಾಗುತ್ತದೆ, ಹಾಳೆಯ ತಟ್ಟೆಯ ಮೇಲೆ ಕಪ್ಪು ಚುಕ್ಕೆಗಳೇಳುತ್ತವೆ. ಆದುದರಿಂದ ವಸ್ತುವನ್ನು ಆಯುವ ಮೊದಲು ಗೋಡೆಯ ಪಂಚಾಂಗವನ್ನು ನೋಡುವುದು ಒಳ್ಳೆಯದು. ಬೇಸಗೆಗೆ ಒಂದು, ಮಳೆಗಾಲಕ್ಕೆ ಇನ್ನೊಂದು ಎಂದು ಎರಡು ವಸ್ತುಗಳನ್ನು ಇಟ್ಟುಕೊಂಡವಳು ವರ್ಷವಿಡೀ ಗಿರಾಕಿಯ ನೆನಪಿನಲ್ಲಿರುತ್ತಾಳೆ. ಕ್ರಿಸ್‌ಮಸ್ಸಿನ ಕುಸ್ವಾರಿಗೆ, ಅಂದರೆ ನೆವ್ರಿ, ಕಿಡಿಯೊ, ಗುಳಿಯೊ ಮೊದಲಾದ ತಿಂಡಿಗಳಿಗೆ ಡಿಸೆಂಬರಿನಲ್ಲಿ ಇರುವ ಕೋರಿಕೆ ಜನವರಿಯಲ್ಲಿ ಇರುವುದಿಲ್ಲ. ಹಬ್ಬದ ವಸ್ತು ಹಬ್ಬಕ್ಕೆ ಮುಂಚೆ ಗಿರಾಕಿಯ ಮನೆ ಸೇರಬೇಕು. ಹಬ್ಬ ಕಳೆದ ಮೇಲೆ ಮುಟ್ಟಿದ ಕಜ್ಜಾಯಕ್ಕೆ ರುಚಿಯಿದ್ದರೂ ಬೆಲೆಯಿಲ್ಲ.

ಎರಡನೆಯದು ದಾರಿಯ ಪರೀಕ್ಷೆ

ಅಂಗಡಿಯಲ್ಲಿ ಮಾರುವ ವಸ್ತು ಗಿರಾಕಿಯ ಕೈಚೀಲದಲ್ಲಿ ಹೋಗುತ್ತದೆ. ಅಂತರಜಾಲದಲ್ಲಿ ಮಾರಿದ ವಸ್ತು ಲಾರಿಯಲ್ಲಿ ಏರಿ, ಇಳಿದು, ಮತ್ತೊಂದರ ಅಡಿಗೆ ಬಿದ್ದು ಹೋಗುತ್ತದೆ. ಕೋರಿರೊಟ್ಟಿಯನ್ನೇ ನೋಡಬಹುದು. ಕರಾವಳಿಯವರ ನಾಲಗೆಗೆ ಅಮೃತ, ಹಗುರ, ತಿಂಗಳುಗಟ್ಟಲೆ ಕೆಡದು. ಆದರೆ ಬೆಂಗಳೂರು ತಲಪುವಾಗ ರೊಟ್ಟಿ ಹೋಗಿ ನುಚ್ಚಾಗಿರುವ ಭಯ.

ಹಗುರವೆಂಬುದೂ ಒಂದು ಭ್ರಾಂತಿ. ಅನೇಕ ಖಾಸಗಿ ಕೊರಿಯರುಗಳು ತಕ್ಕಡಿಯ ತೂಕದೊಡನೆ ಪೆಟ್ಟಿಗೆಯ ಗಾತ್ರದ ತೂಕವನ್ನೂ ಲೆಕ್ಕಹಾಕಿ, ಯಾವುದು ಹೆಚ್ಚೋ ಅದಕ್ಕೆ ಹಣ ಕೇಳುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ರೂಢಿ. 30 ಸೆಂಟಿಮೀಟರು ಉದ್ದ, ಅಷ್ಟೇ ಅಗಲ, 20 ಎತ್ತರದ ಪೆಟ್ಟಿಗೆಯಲ್ಲಿ ಒಂದು ಕಿಲೋ ಹಪ್ಪಳ ಕಳಿಸಿದರೆ ಲೆಕ್ಕದ ತೂಕ 3.6 ಕಿಲೋ! ಹಪ್ಪಳಕ್ಕಿಂತ ಗಾಳಿಗೇ ಹೆಚ್ಚು ಸಾಗಣೆ ತೆತ್ತಂತಾಯಿತು.

ಈ ದೃಷ್ಟಿಯಿಂದ ಪುಟ್ಟದಾಗಿ ಮಡಚಬಲ್ಲ, ಒಡೆಯದ, ತೂಕಕ್ಕೆ ಮೀರಿದ ಮೌಲ್ಯವುಳ್ಳ ವಸ್ತುವೇ ಲೇಸು. ಉಡುಪಿ ಸೀರೆ ಇದಕ್ಕೆ ಸಮೀಪದ ನಿದರ್ಶನ. ಕೈಬೆರಳೆಣಿಕೆಯಷ್ಟು ವೃದ್ಧ ನೇಕಾರರ ಕೈಯಲ್ಲಿ ಕೊನೆಯುಸಿರೆಳೆಯುತ್ತಿದ್ದ ಈ ನೇಯ್ಗೆಯನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟುಗಳು ಕಳೆದ ದಶಕದ ಕೊನೆಯಿಂದೀಚೆಗೆ ಮೇಲೆತ್ತಿವೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಒಂದು ಸೀರೆ ಅಂಗೈಯಗಲದ ಕಟ್ಟಿನಲ್ಲಿ ದೆಹಲಿಗೆ ಹೋಗುತ್ತದೆ. ಒಡೆಯದು, ಹಳಸದು, ಸೋರದು. ಎಲ್ಲರ ಮನೆಯಲ್ಲೂ ಮಗ್ಗವಿರಲಾರದು, ನಿಜ. ಆದರೆ ಕಸೂತಿ ಹಾಕಿದ ಕರವಸ್ತ್ರಕ್ಕೂ ಹೆಣೆದ ಕುಲಾವಿಗೂ ಅದೇ ಗುಣವಿದೆ.

ಮೂರನೆಯದು ಗಡಿಯಾರದ ಪರೀಕ್ಷೆ

ಹೆಚ್ಚಿನ ಗೃಹೋದ್ಯಮಗಳು ಮುಗ್ಗರಿಸುವುದು ಇಲ್ಲಿ. ಸಾಮಾನಿನ ಬೆಲೆಯನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ, ಸ್ವಂತ ದುಡಿಮೆಯನ್ನು ಯಾರೂ ಹಿಡಿಯುವುದಿಲ್ಲ. ‘ಹೇಗೂ ಮನೆಯಲ್ಲಿಯೇ ಇದ್ದೇನಲ್ಲ’ ಎಂಬ ಮಾತು ಮನೆಮಂದಿಯ ಬಾಯಲ್ಲಿ ಬರುವ ಮೊದಲು ಗೃಹಿಣಿಯ ಬಾಯಲ್ಲೇ ಬಂದುಬಿಡುತ್ತದೆ.

ತಿಳಿವಿಗಾಗಿ ಮೂರು ಕಲ್ಪಿತ ಲೆಕ್ಕಗಳನ್ನು ನೋಡೋಣ. ಮಾರಾಟದ ತಾಣಕ್ಕೆ ನೂರಕ್ಕೆ 15ರಂತೆ ಕೊಡಬೇಕೆಂದೂ ಸಾಗಣೆಯ ವೆಚ್ಚ ಗಿರಾಕಿಯದೆಂದೂ ಇಟ್ಟುಕೊಳ್ಳೋಣ.

ನೂರು ಹಪ್ಪಳದ ಒಂದು ಕಟ್ಟಿಗೆ 240 ರೂಪಾಯಿ. ಸಾಮಾನಿಗೆ 70, ಪೆಟ್ಟಿಗೆಗೆ 30, ತಾಣಕ್ಕೆ 36. ಉಳಿಯುವುದು 104. ಹತ್ತರಲ್ಲಿ ಒಂದು ಕಟ್ಟು ಒಡೆದು ಹೋಗಿ ಬದಲಿ ಕೊಡಬೇಕಾದರೆ ಪ್ರತಿ ಕಟ್ಟಿನ ಮೇಲೆ ಇನ್ನೂ 10 ಕಳೆದು 94. ಮೂರು ಗಂಟೆಯ ಕೆಲಸವೆಂದರೆ ಗಂಟೆಗೆ ಸುಮಾರು 31 ರೂಪಾಯಿ.

ಒಂದು ಕ್ರೋಷಾ ಮೇಜುಹಾಸಿಗೆ 600 ರೂಪಾಯಿ. ನೂಲಿಗೆ 110, ಕಟ್ಟಲು 20, ತಾಣಕ್ಕೆ 90. ಉಳಿಯುವ 380ನ್ನು ಹತ್ತು ಗಂಟೆಗೆ ಹಂಚಿದರೆ ಗಂಟೆಗೆ 38.

ಮಸಾಲೆಪುಡಿಯ ಪೊಟ್ಟಣವೊಂದಕ್ಕೆ 180 ರೂಪಾಯಿ. ಸಾಮಾನಿಗೆ 75, ಪೊಟ್ಟಣ ಪೆಟ್ಟಿಗೆಗಳಿಗೆ 35, ತಾಣಕ್ಕೆ 27. ಉಳಿಯುವುದು 43 ಮಾತ್ರ. ನೋಡಿದರೆ ಇದೇ ಎಲ್ಲಕ್ಕಿಂತ ಬಡ ವ್ಯಾಪಾರ. ಆದರೆ ಹುರಿದು, ಬೀಸಿ, ತುಂಬಿ, ಚೀಟಿ ಅಂಟಿಸುವ ಒಟ್ಟು ಒಂಬತ್ತು ಗಂಟೆಗಳಲ್ಲಿ ಇಪ್ಪತ್ತು ಪೊಟ್ಟಣಗಳಾಗುತ್ತವೆ. 860ನ್ನು ಒಂಬತ್ತರಿಂದ ಭಾಗಿಸಿದರೆ ಗಂಟೆಗೆ 95!

ಅಂಕಿಗಳು ಕಲ್ಪಿತವಾದರೂ ತತ್ತ್ವ ಕಲ್ಪಿತವಲ್ಲ. ಹಪ್ಪಳವನ್ನು ಒಂದೊಂದಾಗಿ ಮಾಡಬೇಕು, ಕ್ರೋಷಾವನ್ನು ಕೊಂಡಿಕೊಂಡಿಯಾಗಿ ಹೆಣೆಯಬೇಕು. ಪುಡಿಯನ್ನು ಬಾಣಲೆಗಟ್ಟಲೆ ಮಾಡಬಹುದು. ಒಂದು ಕಿಲೋ ಮೆಣಸು ಹುರಿಯುವುದಕ್ಕೂ ಮೂರು ಕಿಲೋ ಹುರಿಯುವುದಕ್ಕೂ ಶ್ರಮ ಮೂರುಪಟ್ಟಾಗುವುದಿಲ್ಲ. ಮಂಗಳೂರಿನ ಮನೆಗಳಲ್ಲಿಯೇ ಹುಟ್ಟಿದ ಬಾಫತ್ ಪುಡಿ, ಕೋರಿಗಸಿಯ ಮಸಾಲೆ, ಸಾರಿನ ಪುಡಿ, ಚಟ್ನಿಪುಡಿ ಇವು ಸೋರವು, ಒಡೆಯವು, ಆಟಿಯಲ್ಲಿಯೂ ಬಾಣಲೆಯಲ್ಲೇ ಹುರಿಯಬಹುದು. ಗಾಳಿಯಾಡದಂತೆ ಮುಚ್ಚುವ ಎಚ್ಚರವೊಂದಿದ್ದರೆ ಸಾಕು. ಮುಂಬಯಿಗೂ ಕೊಲ್ಲಿಯ ನಾಡುಗಳಿಗೂ ಹೋದ ಕರಾವಳಿಯ ಮಕ್ಕಳು ಹುಡುಕುವುದು ಈ ಹೆಸರುಗಳನ್ನೇ.

ಹಾಗಾದರೆ ಹೆಣಿಗೆಯವಳು ಸೂಜಿಯನ್ನು ಕೆಳಗಿಡಬೇಕೆ? ಬೇಕಿಲ್ಲ. ಬೆಲೆಯನ್ನು ಬದಲಿಸಬೇಕು, ಇಲ್ಲವೇ ವಸ್ತುವನ್ನು ಬದಲಿಸಬೇಕು. ಯಂತ್ರ ಹೆಣೆದ ಮೇಜುಹಾಸಿನೊಡನೆ ಕೈಹೆಣಿಗೆ ಬೆಲೆಯಲ್ಲಿ ಸ್ಪರ್ಧಿಸಲಾರದು. ಆದರೆ ತೊಟ್ಟಿಲ ಮಗುವಿನ ಹೆಸರನ್ನು ಹೊತ್ತ ಹೊದಿಕೆಯನ್ನು ಯಾವ ಕಾರ್ಖಾನೆ ಒಂದೇ ಒಂದಾಗಿ ಮಾಡಿಕೊಡುತ್ತದೆ? ಕೈಗೆಲಸದ ಬಲವಿರುವುದು ಅಗ್ಗದಲ್ಲಲ್ಲ, ಒಬ್ಬರಿಗಾಗಿಯೇ ಮಾಡಿದ್ದೆಂಬ ಆತ್ಮೀಯತೆಯಲ್ಲಿ.

ನಾಲ್ಕನೆಯದು ಕಾಯಿದೆಯ ಪರೀಕ್ಷೆ

‘ಮನೆಯಲ್ಲಿ ಮಾಡಿದ್ದಕ್ಕೆ ಯಾವ ಕಾನೂನು?’ ಎಂದು ಕೇಳುವವರಿದ್ದಾರೆ. ಮಾರಿದೊಡನೆ ಕಾನೂನು ಉಂಟು. ತಿನ್ನುವ ಪದಾರ್ಥವೆಂದರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮನೆಯ ತಯಾರಕಳೂ ನೋಂದಾಯಿಸಿಕೊಂಡು, ದೊರೆತ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ತಯಾರಕಳ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ಗರಿಷ್ಠ ಬೆಲೆ ಇವೂ ಇರಬೇಕು.

ಸೋಪಿನ ಸಂಗತಿ ಇನ್ನೂ ಬಿಗಿ. ಕೊಬ್ಬರಿ ಎಣ್ಣೆಯ ಊರಿನಲ್ಲಿ ಸೋಪು ಎರೆಯುವುದು ಸಹಜವಾಗಿ ಹೊಳೆಯುವ ವಿಚಾರ. ಅದನ್ನು ಕಲಿಸುವ ತರಗತಿಗಳಿಗೂ ಕೊರತೆಯಿಲ್ಲ. ಆದರೆ ಮೈಗೆ ಹಚ್ಚುವ ಸೋಪು, ಲೇಪ, ತೈಲಗಳು 2020ರ ಪ್ರಸಾಧನ ನಿಯಮಗಳಿಗೆ ಒಳಪಟ್ಟಿವೆ. ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಅವಶ್ಯ. ತಕ್ಕ ಸ್ಥಳ, ಸಲಕರಣೆ, ಬಲ್ಲವರ ಮೇಲ್ವಿಚಾರಣೆ ಇಲ್ಲದೆ ಅದು ಸಿಗದು. ಆಟಿಕೆಗಳಿಗೂ 2021ರ ಜನವರಿ 1ರಿಂದ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಗಿದ್ದು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಸೋಪಿನ ಅಚ್ಚುಗಳನ್ನು ಸಾವಿರಾರು ರೂಪಾಯಿ ತೆತ್ತು ಕೊಂಡ ಮೇಲೆ ನಿಯಮವನ್ನು ಓದುವ ಬದಲು, ನಿಯಮವನ್ನು ಓದಿದ ಮೇಲೆ ಅಚ್ಚನ್ನು ಕೊಳ್ಳುವುದು ಜಾಣತನ.

ತೆರಿಗೆಯಲ್ಲಿ ಒಂದಿಷ್ಟು ಸಡಿಲಿಕೆಯಾಗಿದೆ. ಹಿಂದೆ ಅಂತರಜಾಲದ ಪೇಟೆಯಲ್ಲಿ ಒಂದು ರೂಪಾಯಿಯ ಸರಕು ಮಾರಲೂ ಜಿ.ಎಸ್.ಟಿ. ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಮಾರುವವರಿಗೆ ದಾಖಲೆಯ ಸಂಖ್ಯೆಯೊಂದು ಸಾಕು. ಇದರಿಂದ ಮಂಗಳೂರಿನವರಿಗೆ ಒಂದು ವಿಚಿತ್ರ ಸ್ಥಿತಿ ಒದಗಿದೆ. ದೂರದ ಬೀದರಿಗೆ ಮಾರುವುದು ಸುಲಭ. ತಲಪಾಡಿಯ ಆಚೆ, ಕೂಗಳತೆಯ ಮಂಜೇಶ್ವರಕ್ಕೆ ಮಾರುವಾಗ ರಾಜ್ಯದ ಗಡಿ ಅಡ್ಡಬರುತ್ತದೆ. ಆದ್ದರಿಂದ ಗಿರಾಕಿ ಎಲ್ಲಿಯವನೆಂಬುದನ್ನೂ ಮೊದಲೇ ಯೋಚಿಸಿ, ಲೆಕ್ಕ ಬಲ್ಲವರನ್ನು ಕೇಳಿಕೊಳ್ಳಬೇಕು.

ಪೇಟೆಯ ಒಡೆಯ ಯಾರು?

ಬೆಲೆ ಕಟ್ಟುವ ಅಧಿಕಾರ ಮಾಡುವವಳದೆಂದು ಮೇಲೆ ಹೇಳಿತು. ಅದು ಪೂರ್ಣಸತ್ಯವಲ್ಲ. ಅಂತರಜಾಲದ ಪೇಟೆಗೂ ಒಡೆಯರಿದ್ದಾರೆ. ಕೈಗೆಲಸದ ವಸ್ತುಗಳಿಗೆಂದೇ 2005ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಎಟ್ಸಿ ಎಂಬ ತಾಣ ಜಗತ್ತಿನ ಲಕ್ಷಾಂತರ ಕುಶಲಿಗಳಿಗೆ ಆಸರೆಯಾಯಿತು. ಆದರೆ 2022ರ ಏಪ್ರಿಲಿನಲ್ಲಿ ಅದು ತನ್ನ ಪಾಲನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಮಂದಿ ತಮ್ಮ ಮಳಿಗೆಗಳನ್ನು ಒಂದು ವಾರ ಮುಚ್ಚಿ ಪ್ರತಿಭಟಿಸಿದರು. ದರ ಇಳಿಯಲಿಲ್ಲ. ಬೀಡಿಯ ಬ್ರಾಂಚಿನೆದುರು ನಿಂತ ಹೆಂಗಸಿನ ನೆನಪು ಇಲ್ಲಿ ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ.

ದೊಡ್ಡ ಪೇಟೆಯಲ್ಲಿ ಮಾರಬಾರದೆಂದು ಇದರ ಅರ್ಥವಲ್ಲ. ಅದೊಂದನ್ನೇ ನಂಬಬಾರದೆಂದು ಅರ್ಥ. ಒಮ್ಮೆ ಕೊಂಡವರ ಹೆಸರನ್ನು ತನ್ನದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮರುಸಲ ನೇರವಾಗಿ ಮಾರುವವಳು ಯಾರ ದರಕ್ಕೂ ಪೂರ್ಣವಾಗಿ ಅಧೀನಳಾಗುವುದಿಲ್ಲ. ನೆರೆಯ ನಾಲ್ವರು ಕೂಡಿದರೆ ಇನ್ನೂ ಲೇಸು: ಒಬ್ಬಳು ಹುರಿಯಲಿ, ಒಬ್ಬಳು ತುಂಬಲಿ, ಒಬ್ಬಳು ಲೆಕ್ಕವಿಡಲಿ, ಒಬ್ಬಳು ಗಿರಾಕಿಗೆ ಉತ್ತರಿಸಲಿ.

ಬಂಡವಾಳದ ವಿಷಯದಲ್ಲಿ ಕರಾವಳಿಗೆ ತನ್ನದೇ ಪರಂಪರೆಯಿದೆ. ಕೈಮಗ್ಗದ ನೇಕಾರರ ಸಂಕಷ್ಟಕ್ಕೆ ನೆರವಾಗಲೆಂದೇ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಯಿಂದ ಸಂಗ್ರಹಿಸಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಆ ಬುದ್ಧಿ ಹಳತಾಗಿಲ್ಲ. ಕೈಬಳೆ ಅಡವಿಟ್ಟು ಇನ್ನೂರು ಪೊಟ್ಟಣ ಮಾಡುವ ಬದಲು ಮನೆಖರ್ಚಿನಲ್ಲಿ ಉಳಿಸಿದ್ದರಿಂದ ಇಪ್ಪತ್ತು ಪೊಟ್ಟಣ ಮಾಡಿ, ಪರಿಚಯವಿಲ್ಲದವರಿಗೆ ಮಾರಿ ನೋಡಬೇಕು. ನೆಂಟರು ಪ್ರೀತಿಯಿಂದ ಕೊಳ್ಳುತ್ತಾರೆ. ಅಪರಿಚಿತ ಎರಡನೆಯ ಸಲ ಕೇಳಿದರೆ ಮಾತ್ರ ಅದು ವ್ಯಾಪಾರ. ಕಲಿಯಬೇಕೆನಿಸಿದವರಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಸ್ವೋದ್ಯೋಗ ತರಬೇತಿ ಕೇಂದ್ರಗಳಿವೆ.

ಇನ್ನೊಂದು ಎಚ್ಚರಿಕೆ. ‘ಮನೆಯಲ್ಲೇ ಪೆನ್ಸಿಲ್ ತುಂಬಿಸಿ ತಿಂಗಳಿಗೆ ಸಾವಿರಾರು ಗಳಿಸಿ, ಮೊದಲು ನೋಂದಣಿಯ ಹಣ ಕಳಿಸಿ’ ಎಂದು ಬರುವ ಸಂದೇಶಗಳು ಬಲೆಗಳು. ಕೆಲಸ ಕೊಡುವವರು ಹಣ ಕೊಡುತ್ತಾರೆಯೇ ಹೊರತು ಕೇಳುವುದಿಲ್ಲ. ಅಂತೆಯೇ ಯು.ಪಿ.ಐ.ಯಲ್ಲಿ ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿರೆಂದು ಹೇಳುವ ‘ಗಿರಾಕಿ’ ಗಿರಾಕಿಯಲ್ಲ.

ಮತ್ತೆ ಆ ತಾರಸಿಗೆ

ಪಡುವಣದಲ್ಲಿ ಮೋಡ ಕಪ್ಪಾಯಿತು. ಅತ್ತೆ ಸೊಸೆಯರು ಅವಸರದಿಂದ ಚಾಪೆಯನ್ನು ಸುತ್ತಿ ಒಳಗೆ ತಂದರು. ಮೊದಲ ಹನಿಗಳು ತಾರಸಿಗೆ ಬೀಳುವಾಗ ಸೊಸೆ ಕಾಗದ ಹಿಡಿದು ಲೆಕ್ಕ ಹಾಕುತ್ತಿದ್ದಳು. ಹಪ್ಪಳ ಮನೆಗಿರಲಿ, ಅತ್ತೆಯ ಕೈಯ ಸಾರಿನ ಪುಡಿಯನ್ನು ಇಪ್ಪತ್ತು ಪೊಟ್ಟಣ ಮಾಡಿ ನೋಡುವುದೆಂದು ಗೊತ್ತಾಯಿತು. ಬೆಲೆ ಎಷ್ಟೆಂದು ಕೇಳಿದಾಗ ಅತ್ತೆ ಸಂಕೋಚದಿಂದ ನೂರೆಂದರು. ಸೊಸೆ, “ನಿಮ್ಮ ಒಂಬತ್ತು ಗಂಟೆಗೆ ಏನೂ ಬೇಡವಾ ಅತ್ತೆ?” ಎಂದಳು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುವೆಯಾಗಿ ನಲ್ವತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬಳಿಕ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಹಾಕಿ, ನೂರನ್ನು ಹೊಡೆದುಹಾಕಿ, ತಮ್ಮ ಕೈಯಿಂದಲೇ ನೂರ ಎಂಬತ್ತು ಎಂದು ಬರೆದರು.